ಸಂಯೋಜನೆ (ಪ್ರಕ್ರಿಯಾ ಸಿಮ್ಯುಲೇಷನ್)

ಪ್ರಕ್ರಿಯಾ ಸಿಮ್ಯುಲೇಷನ್ ಮಾದರಿಯೊಂದರಲ್ಲಿ ಬಿಡಿಬಿಡಿಯಾಗಿ ಬರುವ ಎರಡು ಅಥವಾ ಅದಕ್ಕಿಂತ ಹೆಚ್ಚು ಘಟಕಗಳನ್ನು, ಗೊತ್ತಾದ ನಿಯಮ ಪೂರೈಸಿದ ಕ್ಷಣದಲ್ಲಿ ಒಂದುಗೂಡಿಸಿ, ಅಲ್ಲಿಂದ ಮುಂದಕ್ಕೆ ಒಂದೇ ಘಟಕವಾಗಿ ಸಾಗಿಸುವ ಕ್ರಿಯೆಯೇ ಸಂಯೋಜನೆ. ಹತ್ತು ಮಾತ್ರೆ ಒಂದು ಸ್ಟ್ರಿಪ್ ಆಗುವುದು, ಬಾಡಿಯೂ ಎಂಜಿನ್ನೂ ಕೂಡಿ ಕಾರಾಗುವುದು, ಪ್ರಯಾಣಿಕರು ತುಂಬಿದ ಮೇಲೆ ಆಟೊ ಹೊರಡುವುದು, ಬೇಕಾದ ದಾಖಲೆಗಳೆಲ್ಲ ಬಂದು ಸೇರಿದ ಮೇಲೆ ಕಡತ ಮುಂದಿನ ಮೇಜಿಗೆ ಹೋಗುವುದು ಇವೆಲ್ಲ ಮಾದರಿಯೊಳಗೆ ಸಂಯೋಜನೆಗಳೇ. ಇದಕ್ಕೆ ವಿರುದ್ಧವಾದ ಕ್ರಿಯೆ ವಿಭಜನೆ.

ಈ ಲೇಖನದ ಉದಾಹರಣೆಗಳು ಬಹುಪಾಲು ಹೈದರಾಬಾದಿನ ಮಿಯಾಪುರದವು. ನಗರದ ವಾಯವ್ಯಕ್ಕೆ, ರಾಷ್ಟ್ರೀಯ ಹೆದ್ದಾರಿ 65ರ ಮೇಲಿರುವ ಈ ಬಡಾವಣೆ ಹೈದರಾಬಾದ್ ಮೆಟ್ರೊದ ಕೆಂಪು ಮಾರ್ಗದ ಕೊನೆಯ ನಿಲ್ದಾಣ. ಮೆಟ್ರೊ ಡಿಪೊ ಕೂಡ ಇಲ್ಲೇ ಇದೆ. ಬೀದರ್, ಜಹೀರಾಬಾದ್ ಕಡೆಯಿಂದ ಹೆದ್ದಾರಿ ಹಿಡಿದು ಬರುವ ಬಸ್ಸುಗಳು ನಗರವನ್ನು ಹೊಕ್ಕುವುದು ಈ ದಾರಿಯಲ್ಲಿ. ಪಕ್ಕದ ಬಾಚುಪಲ್ಲಿಯಲ್ಲಿ ಡಾ. ರೆಡ್ಡೀಸ್‌ನಂಥ ಔಷಧ ಕಂಪನಿಗಳ ಕಾರ್ಖಾನೆಗಳಿವೆ. ಹೀಗೆ ಸಂಯೋಜನೆಯ ಮುಖ್ಯ ಬಗೆಗಳೆಲ್ಲ ಕೆಲವೇ ಕಿಲೋಮೀಟರ್‌ಗಳ ಅಂತರದಲ್ಲಿ ಇಲ್ಲಿ ಕಾಣಸಿಗುತ್ತವೆ.

ಪರಿಭಾಷೆ

ಮಾದರಿಯೊಳಗೆ ಚಲಿಸುವ ಪ್ರತಿಯೊಂದು ವಸ್ತು, ವ್ಯಕ್ತಿ ಅಥವಾ ಕಡತವನ್ನು ಇಲ್ಲಿ ಘಟಕ ಎನ್ನಲಾಗಿದೆ. ಘಟಕದ ಮೇಲೆ ಅಂಟಿಸಿದ ಮಾಹಿತಿ (ಬಂದ ಸಮಯ, ಬ್ಯಾಚ್ ನಂಬರು, ಹೋಗಬೇಕಾದ ಊರು) ಅದರ ಗುಣಲಕ್ಷಣ. ಒಂದೇ ಬಗೆಯ ಘಟಕಗಳು ಎಣಿಕೆಯ ಪ್ರಕಾರ ಸೇರಿದರೆ ಬ್ಯಾಚ್. ಬೇರೆ ಬೇರೆ ಬಗೆಯವು ಗೊತ್ತಾದ ಪ್ರಮಾಣದಲ್ಲಿ ಸೇರಿದರೆ ಜೋಡಣೆ. ಎರಡು ಸಾಲುಗಳಿಂದ ಒಂದಕ್ಕೊಂದು ಸರಿಹೊಂದುವ ಘಟಕಗಳನ್ನು ಹುಡುಕಿ ಒಟ್ಟಿಗೆ ಬಿಡುವುದು ಹೊಂದಿಕೆ. ವಾಹನವೋ ಪೆಟ್ಟಿಗೆಯೋ ಆಗಿರುವ ಘಟಕ ಕಾಯುತ್ತಿರುವವರನ್ನು ತನ್ನೊಳಗೆ ಸೇರಿಸಿಕೊಂಡರೆ ಅದು ತುಂಬಿಕೆ. ವಿಶಾಲ ಅರ್ಥದಲ್ಲಿ ಸಂಯೋಜನೆ ಎಂಬುದು ಇವೆಲ್ಲಕ್ಕೂ ಸೇರಿದ ಹೆಸರು.

ಮೂಲ ಮತ್ತು ಬೆಳವಣಿಗೆ

ಸಿಮ್ಯುಲೇಷನ್‌ಗೂ ಮುಂಚೆ ಕಾಯುವ, ಗುಂಪುಗೂಡುವ ಪ್ರಶ್ನೆಯನ್ನು ಎತ್ತಿಕೊಂಡದ್ದು ಸರದಿ ಸಾಲುಗಳ ಗಣಿತ. ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ 1909ರಲ್ಲಿ ಟೆಲಿಫೋನ್ ಕರೆಗಳ ಮೇಲೆ ಬರೆದ ಲೇಖನದಿಂದ ಆ ಶಾಸ್ತ್ರ ಮೊದಲಾಯಿತು. ಅದರಲ್ಲಿ ಬರುವವನೂ ಒಬ್ಬ, ಸೇವೆ ಪಡೆಯುವವನೂ ಒಬ್ಬ. ಗುಂಪಿನ ವಿಚಾರ ಅದರೊಳಕ್ಕೆ ಬಂದದ್ದು ನಾಲ್ಕು ದಶಕಗಳ ನಂತರ. ಡಿ. ಜಿ. ಕೆಂಡಾಲ್ 1951ರಲ್ಲಿ ಟ್ಯಾಕ್ಸಿ ನಿಲ್ದಾಣದ ಸಮಸ್ಯೆಯನ್ನು ಮುಂದಿಟ್ಟರು: ಒಂದು ಬದಿಯಲ್ಲಿ ಟ್ಯಾಕ್ಸಿಗಳ ಸಾಲು, ಇನ್ನೊಂದು ಬದಿಯಲ್ಲಿ ಪ್ರಯಾಣಿಕರ ಸಾಲು, ಇಬ್ಬರೂ ಇದ್ದರೆ ಮಾತ್ರ ಕೆಲಸ. ನಾರ್ಮನ್ ಬೇಯ್ಲಿ 1954ರಲ್ಲಿ ಗುಂಪು ಗುಂಪಾಗಿ ಸೇವೆ ನೀಡುವ ಸಾಲುಗಳನ್ನು ವಿಶ್ಲೇಷಿಸಿದರು.

ಈ ಕಥೆಯಲ್ಲಿ ಧಾರವಾಡಕ್ಕೂ ಪಾಲಿದೆ, ಅದು ಇನ್ನಷ್ಟು ಜನಕ್ಕೆ ತಿಳಿಯಬೇಕಾದದ್ದು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ 1950ರ ದಶಕದಲ್ಲಿ ಸಂಖ್ಯಾಶಾಸ್ತ್ರ ಕಲಿಸಿದ ಎನ್. ಯು. ಪ್ರಭು ಮುಂದೆ ಆಸ್ಟ್ರೇಲಿಯಕ್ಕೆ, ಅಲ್ಲಿಂದ ಅಮೆರಿಕದ ಕಾರ್ನೆಲ್‌ಗೆ ಹೋಗಿ, ಸರದಿ ಸಾಲುಗಳು ಮತ್ತು ದಾಸ್ತಾನಿನ ಮೇಲೆ 1965ರಲ್ಲಿ ಹೆಸರಾಂತ ಗ್ರಂಥ ಪ್ರಕಟಿಸಿದರು. ಅವರ ಶಿಷ್ಯ ಯು. ನಾರಾಯಣ ಭಟ್ 1964ರಲ್ಲಿ ಬರೆದ ಪ್ರಬಂಧದ ವಸ್ತುವೇ ಗುಂಪು ಸಾಲುಗಳು. 1967ರಲ್ಲಿ ಮಾರ್ಸೆಲ್ ನ್ಯೂಟ್ಸ್ ಕೊಟ್ಟ ನಿಯಮ ಇಂದಿಗೂ ಬಳಕೆಯಲ್ಲಿದೆ. ಕನಿಷ್ಠ ಇಷ್ಟು ಮಂದಿ ಸೇರುವ ತನಕ ಸೇವೆ ಶುರುವಾಗದು, ಶುರುವಾದಾಗ ಗರಿಷ್ಠ ಇಷ್ಟು ಮಂದಿಯನ್ನು ಮೀರದು ಎಂಬುದು ಅದರ ಸಾರ. ಕೆಳಗಿನ ಮಿತಿ ಮತ್ತು ಮೇಲಿನ ಮಿತಿ ಎಂಬ ಈ ಎರಡು ಅಂಕಿಗಳಿಂದ ಬಸ್ಸು, ಲಿಫ್ಟು, ಔಷಧ ಕಾರ್ಖಾನೆಯ ಡ್ರೈಯರ್ ಎಲ್ಲವನ್ನೂ ವರ್ಣಿಸಬಹುದು.

ಸಂಯೋಜನೆಯನ್ನು ಕಂಪ್ಯೂಟರಿಗೆ ಒಂದು ಆಜ್ಞೆಯಾಗಿ ಕೊಟ್ಟವರಲ್ಲಿ ಐಬಿಎಮ್‌ನ ಜೆಫ್ರಿ ಗಾರ್ಡನ್ ಮುಖ್ಯರು. 1961ರಲ್ಲಿ ಹೊರಬಂದ ಅವರ ಜಿಪಿಎಸ್‌ಎಸ್ ಭಾಷೆ ಬೆಳೆದಂತೆ ಅದರಲ್ಲಿ ಮೂರು ಬ್ಲಾಕ್‌ಗಳು ನೆಲೆಗೊಂಡವು. ಅಸೆಂಬಲ್ ಬ್ಲಾಕಿನಲ್ಲಿ ಒಂದೇ ಮೂಲದಿಂದ ಸೀಳಿಹೋದ ಘಟಕಗಳು ಮತ್ತೆ ಸೇರಿ ಒಂದಾಗುತ್ತವೆ. ಮೊದಲು ಬಂದದ್ದು ಉಳಿದು ಮಿಕ್ಕವು ಅಳಿಯುತ್ತವೆ. ಗ್ಯಾದರ್‌ನಲ್ಲಿ ಎಣಿಕೆ ತುಂಬುವವರೆಗೆ ಕಾಯುತ್ತವೆ, ತುಂಬಿದ ಮೇಲೆ ಎಲ್ಲವೂ ಬಿಡಿಬಿಡಿಯಾಗಿಯೇ ಮುಂದೆ ಹೋಗುತ್ತವೆ. ಮ್ಯಾಚ್ ಎರಡು ಬೇರೆ ದಾರಿಗಳಲ್ಲಿರುವ ಜೊತೆಗಾರರನ್ನು ಒಬ್ಬರಿಗೊಬ್ಬರು ಕಾಯುವಂತೆ ಮಾಡುತ್ತದೆ. ಇಂದಿನ ಸಾಫ್ಟ್‌ವೇರ್‌ಗಳಲ್ಲಿರುವ ಬ್ಲಾಕ್‌ಗಳು ಬಹುತೇಕ ಈ ಮೂರರ ಮಕ್ಕಳು, ಮೊಮ್ಮಕ್ಕಳು.

ಅದೇ ಹೊತ್ತಿಗೆ ಜರ್ಮನಿಯಲ್ಲಿ ಕಾರ್ಲ್ ಆಡಮ್ ಪೆಟ್ರಿ 1962ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ, ಎಲ್ಲ ಒಳದಾರಿಗಳಲ್ಲೂ ಟೋಕನ್ ಬಂದು ನಿಂತರೆ ಮಾತ್ರ ಘಟನೆ ಜರುಗುತ್ತದೆ ಎಂಬ ವಿಚಾರಕ್ಕೆ ತಳಪಾಯ ಹಾಕಿದರು. ಪೆಟ್ರಿ ಜಾಲ ಎಂದು ಹೆಸರಾದ ಈ ಪದ್ಧತಿ ಜೋಡಣೆಯನ್ನು ಅತ್ಯಂತ ಶುದ್ಧವಾಗಿ ಬರೆದು ತೋರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ವಿಶ್ವನಾಥಂ ಮತ್ತು ವೈ. ನರಹರಿ ಈ ಜಾಲಗಳನ್ನು ಕಾರ್ಖಾನೆಗಳ ವಿಶ್ಲೇಷಣೆಗೆ ತಂದವರಲ್ಲಿ ಪ್ರಮುಖರು. ಸ್ವಯಂಚಾಲಿತ ಉತ್ಪಾದನಾ ವ್ಯವಸ್ಥೆಗಳ ಕುರಿತ ಅವರ ಗ್ರಂಥ 1992ರಲ್ಲಿ ಪ್ರಕಟವಾಯಿತು.

ನಂತರದ ಬೆಳವಣಿಗೆ ಹೆಚ್ಚಾಗಿ ಸಾಫ್ಟ್‌ವೇರ್‌ನದು. ಡೆನಿಸ್ ಪೆಗ್ಡನ್ 1982ರಲ್ಲಿ ಸೈಮನ್ ಭಾಷೆಯನ್ನು ತಂದರು. ಅದರ ಮೇಲೆ ಕಟ್ಟಿದ ಅರೆನಾ 1993ರಲ್ಲಿ ಬಂತು. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ಎನಿಲಾಜಿಕ್ 2000ದಲ್ಲಿ ಮಾರುಕಟ್ಟೆಗೆ ಬಂತು.

ರಚನೆ

ಯಾವ ಸಾಫ್ಟ್‌ವೇರ್ ತೆಗೆದರೂ ಸಂಯೋಜನಾ ಬ್ಲಾಕಿನ ಒಳಗು ಒಂದೇ ತರಹ. ಒಂದು ಅಥವಾ ಹೆಚ್ಚು ಒಳಬಾಗಿಲು, ಪ್ರತಿ ಬಾಗಿಲ ಹಿಂದೆ ಕಾಯುವ ಜಾಗ, ‘ಈಗ ಸೇರಿಸಬಹುದೇ?’ ಎಂದು ಪ್ರತಿ ಆಗಮನಕ್ಕೂ ಪರೀಕ್ಷಿಸುವ ಷರತ್ತು, ಷರತ್ತು ಪೂರೈಸಿದಾಗ ಹುಟ್ಟುವ ಹೊಸ ಘಟಕ, ಒಂದು ಹೊರಬಾಗಿಲು. ಸೇರಿಸುವ ಕ್ರಿಯೆಗೇ ಮಾದರಿಯಲ್ಲಿ ಸಾಮಾನ್ಯವಾಗಿ ಸಮಯ ಹಿಡಿಯುವುದಿಲ್ಲ, ಅದು ಶೂನ್ಯ ಕ್ಷಣದಲ್ಲಿ ಮುಗಿಯುತ್ತದೆ. ಸಮಯ ಹೋಗುವುದು ಕಾಯುವುದರಲ್ಲಿ.

ಆ ಕಾಯುವಿಕೆಯ ಲೆಕ್ಕ ಸರಳವಾಗಿದೆ. ಘಟಕಗಳು ಸರಾಸರಿ ಒಂದೇ ವೇಗದಲ್ಲಿ ಬರುತ್ತಿದ್ದರೆ, ಬ್ಯಾಚಿನ ಗಾತ್ರದಿಂದ ಒಂದನ್ನು ಕಳೆದು, ಅದರ ಅರ್ಧವನ್ನು ಎರಡು ಆಗಮನಗಳ ನಡುವಿನ ಅಂತರದಿಂದ ಗುಣಿಸಿದರೆ ಸರಾಸರಿ ಕಾಯುವ ಸಮಯ ಸಿಗುತ್ತದೆ. ಎರಡು ನಿಮಿಷಕ್ಕೊಂದು ಬರುವ ಡಬ್ಬಗಳನ್ನು ಹನ್ನೆರಡರಂತೆ ಕಟ್ಟಿದರೆ ಸರಾಸರಿ ಕಾಯುವಿಕೆ 11 ನಿಮಿಷ. ಮೊದಲು ಬಂದ ಡಬ್ಬಕ್ಕೆ 22 ನಿಮಿಷ, ಕೊನೆಯದಕ್ಕೆ ಸೊನ್ನೆ. ಯಂತ್ರ ಎಷ್ಟೇ ಚುರುಕಾಗಿರಲಿ, ಈ 11 ನಿಮಿಷ ಅದರ ಕೈಯಲ್ಲಿಲ್ಲ. ಕಾರ್ಖಾನೆಗಳಲ್ಲಿ ‘ಮೆಷಿನ್ ಸ್ಲೋ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಬ್ಯಾಚಿನ ಗಾತ್ರವೇ. ಆದ್ದರಿಂದ ಮಾದರಿಯಲ್ಲಿ ಯಂತ್ರದ ಮುಂದಿನ ಕಾಯುವಿಕೆಯನ್ನೂ ಬ್ಯಾಚಿಗಾಗಿ ಕಾಯುವಿಕೆಯನ್ನೂ ಬೇರೆ ಬೇರೆ ಅಳೆಯುವುದು ಕಡ್ಡಾಯ ಎನ್ನಬಹುದಾದ ಶಿಸ್ತು.

ಸೇರಿದ ಮೇಲೆ ಬಿಡಿ ಘಟಕಗಳ ಗತಿ ಏನು ಎಂಬುದು ರಚನೆಯ ಇನ್ನೊಂದು ಪ್ರಶ್ನೆ. ಶಾಶ್ವತ ಸಂಯೋಜನೆಯಲ್ಲಿ ಅವು ಅಳಿಯುತ್ತವೆ, ಹೊಸದೊಂದು ಮಾತ್ರ ಉಳಿಯುತ್ತದೆ. ತಾತ್ಕಾಲಿಕ ಸಂಯೋಜನೆಯಲ್ಲಿ ಅವು ಹೊಸ ಘಟಕದ ಹೊಟ್ಟೆಯೊಳಗೆ ತಮ್ಮ ಗುಣಲಕ್ಷಣಗಳೊಂದಿಗೆ ಕುಳಿತಿರುತ್ತವೆ, ಮುಂದೆ ವಿಭಜನೆಯಾದಾಗ ಹಾಗೇ ಹೊರಬರುತ್ತವೆ. ಶಾಶ್ವತವಾದರೆ ಹೊಸ ಘಟಕ ಯಾರ ಗುಣಲಕ್ಷಣವನ್ನು ಹೊರಬೇಕು ಎಂಬುದನ್ನು ಮಾದರಿಕಾರ ಹೇಳಲೇಬೇಕು. ಅರೆನಾದಲ್ಲಿ ಇದಕ್ಕೆ ಮೊದಲನೆಯದು, ಕೊನೆಯದು, ಮೊತ್ತ, ಗುಣಲಬ್ಧ ಎಂಬ ನಾಲ್ಕು ಆಯ್ಕೆಗಳಿವೆ. ತೂಕವಾದರೆ ಮೊತ್ತ ಸರಿ. ಬಂದ ಸಮಯವಾದರೆ ಮೊತ್ತಕ್ಕೆ ಅರ್ಥವೇ ಇಲ್ಲ. ಮೊದಲನೆಯದನ್ನು ಉಳಿಸಿದರೆ ಅತಿ ಹೆಚ್ಚು ಕಾದವನ ಲೆಕ್ಕ, ಕೊನೆಯದನ್ನು ಉಳಿಸಿದರೆ ಅತಿ ಕಡಿಮೆ ಕಾದವನ ಲೆಕ್ಕ ಸಿಗುತ್ತದೆ.

ಬಗೆಗಳು

ಎಣಿಕೆಯ ಬ್ಯಾಚ್ ಎಲ್ಲಕ್ಕಿಂತ ಸರಳ. ಯಾರಾದರೂ ಸರಿ, ಇಷ್ಟು ಸೇರಿದರೆ ಸಾಕು. ಗುಣಲಕ್ಷಣದ ಬ್ಯಾಚಿನಲ್ಲಿ ಒಂದೇ ಗುರುತಿನವು ಮಾತ್ರ ಸೇರುತ್ತವೆ, ಆದ್ದರಿಂದ ಒಂದು ಬ್ಲಾಕಿನೊಳಗೆ ಅರೆಬರೆ ತುಂಬಿದ ಹಲವು ಗುಂಪುಗಳು ಏಕಕಾಲಕ್ಕೆ ಕಾಯುತ್ತಿರಬಹುದು. ಇವೆರಡಕ್ಕೂ ಸಮಯದ ಮಿತಿ ಸೇರಿಸಿದರೆ ಮೂರನೆಯ ರೂಪ ಸಿಗುತ್ತದೆ: ತುಂಬಿದರೆ ಹೊರಡು, ತುಂಬದಿದ್ದರೂ ಹತ್ತು ನಿಮಿಷಕ್ಕೆ ಹೊರಡು. ಕೊರಿಯರ್ ಗೋದಾಮು, ರಕ್ತಪರೀಕ್ಷೆಯ ಪ್ರಯೋಗಾಲಯಗಳೆಲ್ಲ ನಡೆಯುವುದು ಹೀಗೆ.

ಜೋಡಣೆಯಲ್ಲಿ ಪಾಕಪಟ್ಟಿ ಇರುತ್ತದೆ: ಬಾಡಿ ಒಂದು, ಚಕ್ರ ನಾಲ್ಕು, ಎಂಜಿನ್ ಒಂದು. ಯಾವುದೇ ಒಂದು ಕಡಿಮೆಯಾದರೂ ಉಳಿದವೆಲ್ಲ ಕಾಯುತ್ತವೆ. ಕಾಯುವ ಜಾಗಕ್ಕೆ ಮಿತಿಯಿದ್ದು ಎಲ್ಲ ಬಗೆಯ ಭಾಗಗಳೂ ಅದೇ ಜಾಗವನ್ನು ಹಂಚಿಕೊಂಡರೆ ಅಪಾಯವೊಂದಿದೆ. ಹತ್ತು ಜಾಗವನ್ನೂ ಬಾಡಿಗಳೇ ತುಂಬಿಬಿಟ್ಟರೆ ಎಂಜಿನ್ ಒಳಗೆ ಬರಲಾಗದು, ಎಂಜಿನ್ ಬಾರದೆ ಬಾಡಿ ಹೊರಡದು. ಮಾದರಿ ಅಲ್ಲೇ ಕಟ್ಟಿಕೊಂಡು ನಿಲ್ಲುತ್ತದೆ. ಇಂಥ ಬಿಗಿತವನ್ನು ಪೆಟ್ರಿ ಜಾಲಗಳಿಂದ ಮೊದಲೇ ಕಂಡುಹಿಡಿದು ತಪ್ಪಿಸುವ ಬಗೆಯನ್ನು ವಿಶ್ವನಾಥಂ, ನರಹರಿ ಮತ್ತು ಅವರ ಸಹಲೇಖಕರು 1990ರಲ್ಲಿ ಪ್ರಕಟಿಸಿದ್ದರು.

ಹೊಂದಿಕೆಯಲ್ಲಿ ಘಟಕಗಳು ಒಂದಾಗುವುದಿಲ್ಲ, ಜೊತೆಯಾಗಿ ಬಿಡುಗಡೆಯಾಗುತ್ತವೆ ಅಷ್ಟೆ. ತುಂಬಿಕೆಯಲ್ಲಿ ಮೂಲ ಘಟಕದ (ರೈಲು, ಬಸ್ಸು, ಕ್ರೇಟ್) ಗುರುತು ಬದಲಾಗದೆ ಅದರೊಳಗಿನ ಪಟ್ಟಿ ಮಾತ್ರ ಬೆಳೆಯುತ್ತದೆ. ಈ ಎರಡನ್ನೂ ಬ್ಯಾಚಿನೊಂದಿಗೆ ಬೆರೆಸಿಬಿಡುವುದು ಕಲಿಯುವವರಲ್ಲಿ ಸಾಮಾನ್ಯ.

ಇವುಗಳಲ್ಲಿ ಯಾವುದಕ್ಕೂ ನೇರವಾಗಿ ಒಗ್ಗದ ಸಂಯೋಜನೆಯೂ ಉಂಟು. ರಾಮನಗರದ ಕಡೆಯ ರೀಲಿಂಗ್ ಘಟಕಗಳಲ್ಲಿ ಹಲವು ಗೂಡುಗಳ ಎಳೆಗಳು ಕೂಡಿ ಒಂದು ರೇಷ್ಮೆ ದಾರವಾಗುತ್ತವೆ. ಒಂದು ಗೂಡು ಮುಗಿಯುತ್ತಿದ್ದಂತೆ ರೀಲರ್ ಮತ್ತೊಂದರ ತುದಿಯನ್ನು ಸೇರಿಸುತ್ತಾನೆ, ದಾರ ಕಡಿಯುವುದಿಲ್ಲ. ಇಲ್ಲಿ ಸದಸ್ಯರು ಬದಲಾಗುತ್ತಿದ್ದರೂ ಗುಂಪು ನಿರಂತರ. ಇಂಥದ್ದಕ್ಕೆ ಬಿಡಿ ಘಟನೆಗಳ ಬ್ಲಾಕ್ ಸಾಲದು, ಹರಿವಿನ ಸಮೀಕರಣಗಳನ್ನೂ ಬೆರೆಸಿದ ಮಿಶ್ರ ಮಾದರಿ ಬೇಕಾಗುತ್ತದೆ.

ಉದಾಹರಣೆ: ಮಿಯಾಪುರ ನಿಲ್ದಾಣ

ಹೈದರಾಬಾದ್ ಮೆಟ್ರೊ 2017ರ ನವೆಂಬರ್ 28ರಂದು ಮಿಯಾಪುರದಲ್ಲಿಯೇ ಉದ್ಘಾಟನೆಯಾಯಿತು. ಮೊದಲ ಹಂತದಲ್ಲಿ ಮಿಯಾಪುರದಿಂದ ಅಮೀರ್‌ಪೇಟೆ ಮೂಲಕ ನಾಗೋಲ್‌ವರೆಗೆ 30 ಕಿಲೋಮೀಟರ್, 24 ನಿಲ್ದಾಣ. ಅಮೀರ್‌ಪೇಟೆಯಿಂದ ಎಲ್‌.ಬಿ. ನಗರದವರೆಗಿನ ಭಾಗ 2018ರ ಸೆಪ್ಟೆಂಬರ್‌ನಲ್ಲಿ ಸೇರಿ ಕೆಂಪು ಮಾರ್ಗ ಪೂರ್ಣಗೊಂಡಿತು. ರೈಲುಗಳು ದಕ್ಷಿಣ ಕೊರಿಯದ ಹ್ಯುಂಡೈ ರೋಟೆಮ್ ತಯಾರಿಸಿದ ಮೂರು ಬೋಗಿಯವು.

ಕೊನೆಯ ನಿಲ್ದಾಣದಲ್ಲಿ ಇಳಿದವರು ಬಾಚುಪಲ್ಲಿ, ನಿಜಾಂಪೇಟೆಯ ಕಡೆಗೆ ಶೇರ್ ಆಟೊ ಹಿಡಿಯುವ ದೃಶ್ಯವನ್ನು ಮಾದರಿಗೆ ಇಳಿಸಿದರೆ ಸಂಯೋಜನೆಯ ಒಂದು ಸೂಕ್ಷ್ಮ ಹೊರಬೀಳುತ್ತದೆ. ಕೆಳಗಿನ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಆಟೊಗೆ ಏಳು ಸೀಟು, ತುಂಬಿದರೆ ಮಾತ್ರ ಹೊರಡುತ್ತದೆ, ಆಟೊಗಳಿಗೆ ಕೊರತೆಯಿಲ್ಲ. ಆರು ನಿಮಿಷಕ್ಕೊಂದು ರೈಲು, ಪ್ರತಿ ರೈಲಿನಿಂದ ಬಾಚುಪಲ್ಲಿಗೆ ಹೋಗುವವರು 20 ಮಂದಿ.

ಮೊದಲು ರೈಲನ್ನು ಮರೆತು, ಜನ ಸಮನಾಗಿ ಬರುತ್ತಾರೆಂದು ಭಾವಿಸೋಣ. ಆರು ನಿಮಿಷಕ್ಕೆ 20 ಎಂದರೆ 18 ಸೆಕೆಂಡಿಗೊಬ್ಬ. ಏಳರ ಬ್ಯಾಚಿಗೆ ಸರಾಸರಿ ಕಾಯುವಿಕೆ ಮೂರು ಬಾರಿ 18, ಅಂದರೆ 54 ಸೆಕೆಂಡು. ಅತಿ ಹೆಚ್ಚು ಕಾಯುವವನು, ಆಟೊದ ಮೊದಲ ಪ್ರಯಾಣಿಕ, 108 ಸೆಕೆಂಡು ಕೂತಿರುತ್ತಾನೆ.

ಈಗ ರೈಲನ್ನು ಮಾದರಿಗೆ ತರಬೇಕು. ರೈಲೆಂದರೆ ವಿಭಜನಾ ಬ್ಲಾಕು. 20 ಮಂದಿಯೂ ಒಟ್ಟಿಗೇ ಮೆಟ್ಟಿಲಿಳಿಯುತ್ತಾರೆ. ಎರಡು ಆಟೊ ತಕ್ಷಣ ತುಂಬಿ ಹೊರಡುತ್ತವೆ, ಆರು ಮಂದಿ ಉಳಿಯುತ್ತಾರೆ. ಅವರಿಗೆ ಬೇಕಾಗಿರುವುದು ಇನ್ನೊಬ್ಬನೇ ಒಬ್ಬ, ಆದರೆ ಆತ ಬರುವುದು ಮುಂದಿನ ರೈಲಿಗೆ. ಮುಂದಿನ ರೈಲಿನ 20 ಸೇರಿ 26 ಆಗಿ ಮೂರು ಆಟೊ ಹೊರಟರೆ ಐದು ಮಂದಿ ಉಳಿಯುತ್ತಾರೆ. ಆಮೇಲೆ ನಾಲ್ಕು, ಮೂರು, ಎರಡು, ಒಂದು, ಸೊನ್ನೆ. ಏಳು ರೈಲುಗಳಿಗೆ ಚಕ್ರ ಪೂರ್ತಿಯಾಗಿ ಮತ್ತೆ ಆರಕ್ಕೆ ಬರುತ್ತದೆ. ಈ ಏಳು ರೈಲುಗಳಿಂದ 140 ಮಂದಿ, 20 ಆಟೊ. ಉಳಿದುಹೋದವರು ಒಟ್ಟು 21, ಒಬ್ಬೊಬ್ಬರೂ ಕಾದದ್ದು ಆರು ನಿಮಿಷ. ಹೀಗೆ 126 ನಿಮಿಷವನ್ನು 140 ಮಂದಿಗೆ ಹಂಚಿದರೆ ಸಿಗುವ ಸರಾಸರಿಯೂ 54 ಸೆಕೆಂಡೇ.

ಸರಾಸರಿ ಒಂದೇ, ಅನುಭವ ಬೇರೆ. ಸಮನಾಗಿ ಬಂದಾಗ ಯಾರೂ ಎರಡು ನಿಮಿಷ ಕಾಯುವುದಿಲ್ಲ. ರೈಲಿನಿಂದ ಬಂದಾಗ ನೂರರಲ್ಲಿ 85 ಮಂದಿ ಒಂದು ಕ್ಷಣವೂ ಕಾಯುವುದಿಲ್ಲ, ಉಳಿದ 15 ಮಂದಿ ಪೂರ್ತಿ ಆರು ನಿಮಿಷ ಕಾಯುತ್ತಾರೆ. ಸಂಯೋಜನೆಯಿರುವ ಮಾದರಿಯ ವರದಿಯಲ್ಲಿ ಸರಾಸರಿಯನ್ನು ಮಾತ್ರ ಕೊಟ್ಟರೆ ಆ ಹದಿನೈದು ಮಂದಿ ಕಾಗದದ ಮೇಲಿಂದ ಅಳಿಸಿಹೋಗುತ್ತಾರೆ. ವಿತರಣೆಯನ್ನು, ಕನಿಷ್ಠಪಕ್ಷ ಗರಿಷ್ಠ ಕಾಯುವಿಕೆಯನ್ನಾದರೂ, ಜೊತೆಗೆ ಕೊಡಬೇಕು.

ಡಿಪೊದ ಮಾದರಿಯಲ್ಲಿ ಪ್ರಶ್ನೆ ಬೇರೆ: ಘಟಕ ಯಾವುದು, ಬೋಗಿಯೋ ರೈಲೋ? ಓಡಾಟ, ತೊಳೆಯುವಿಕೆ, ದಿನದ ತಪಾಸಣೆಗೆ ಮೂರು ಬೋಗಿಯ ರೈಲೇ ಒಂದು ಘಟಕ. ವರ್ಕ್‌ಶಾಪಿನಲ್ಲಿ ಬೋಗಿ ಬಿಚ್ಚಿ ರಿಪೇರಿ ಮಾಡುವುದಾದರೆ ಬೋಗಿಯೇ ಘಟಕವಾಗಿ, ರೈಲು ಅದರ ತಾತ್ಕಾಲಿಕ ಸಂಯೋಜನೆಯಾಗುತ್ತದೆ. ಮೊದಲೇ ಶಾಶ್ವತವಾಗಿ ಬೆಸೆದ ಮಾದರಿಗೆ ರೈಲಿನ ಉದ್ದ ಬದಲಾದಾಗ ಬೆಲೆ ತೆರಬೇಕಾಗುತ್ತದೆ. ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಆದದ್ದು ಅಂಥ ಬದಲಾವಣೆಯೇ. ಮೊದಲ ಹಂತದ ಮೂರು ಬೋಗಿಯ 50 ರೈಲುಗಳಿಗೆ ಸೇರಿಸಲೆಂದು ಬಿಇಎಮ್‌ಎಲ್‌ಗೆ 150 ಬೋಗಿಗಳ ಗುತ್ತಿಗೆ ಕೊಡಲಾಯಿತು. ಆರು ಬೋಗಿಯ ಮೊದಲ ರೈಲು 2018ರ ಜೂನ್ 22ರಂದು ನೇರಳೆ ಮಾರ್ಗದಲ್ಲಿ ಓಡಿತು. ಹಳೆಯ ರೈಲಿಗೆ ಹೊಸ ಬೋಗಿಗಳು ಸೇರುವ ಇಂಥ ಘಟ್ಟವನ್ನು ಬೋಗಿಯನ್ನೇ ಘಟಕವಾಗಿಟ್ಟುಕೊಂಡ ಮಾದರಿ ಮಾತ್ರ ಸಲೀಸಾಗಿ ಹಿಡಿಯಬಲ್ಲದು.

ಉದಾಹರಣೆ: ಮಾತ್ರೆಯಿಂದ ಶಿಪ್ಪರ್‌ವರೆಗೆ

ಔಷಧ ಪ್ಯಾಕಿಂಗ್ ಒಂದರ ಮೇಲೊಂದು ಸಂಯೋಜನೆಗಳ ಸರಪಳಿ. ಹತ್ತು ಮಾತ್ರೆಗೆ ಒಂದು ಸ್ಟ್ರಿಪ್, ಹತ್ತು ಸ್ಟ್ರಿಪ್‌ಗೆ ಒಂದು ಕಾರ್ಟನ್, 50 ಕಾರ್ಟನ್‌ಗೆ ಒಂದು ಶಿಪ್ಪರ್ ಎಂದಿಟ್ಟುಕೊಂಡರೆ 5,000 ಮಾತ್ರೆಗಳು ಕೊನೆಗೆ ಒಂದು ಘಟಕ. ನಿಮಿಷಕ್ಕೆ 3,000 ಮಾತ್ರೆಯ ಲೈನು ಎಂಟು ಗಂಟೆಯ ಪಾಳಿಯಲ್ಲಿ 14,40,000 ಮಾತ್ರೆಗಳನ್ನು ಹಾಯಿಸುತ್ತದೆ. ಸ್ಟ್ರಿಪ್‌ನಲ್ಲಿ ಎಣಿಸಿದರೆ 1,44,000, ಕಾರ್ಟನ್‌ನಲ್ಲಿ 14,400, ಶಿಪ್ಪರ್‌ನಲ್ಲಿ 288. ಮಾತ್ರೆಯನ್ನೇ ಘಟಕವಾಗಿಸಿದ ಮಾದರಿ ಕಂಪ್ಯೂಟರನ್ನು ಏದುಸಿರು ಬಿಡಿಸುತ್ತದೆ. ಅಧ್ಯಯನ ಮಾಡಬೇಕಾದ ತೊಂದರೆ ಎಲ್ಲಿದೆಯೋ ಅದಕ್ಕೆ ಒಂದು ಮೆಟ್ಟಿಲು ಕೆಳಗಿನಿಂದ ಘಟಕಗಳನ್ನು ಹುಟ್ಟಿಸುವುದು ರೂಢಿಯಲ್ಲಿರುವ ಜಾಣತನ.

ಇಲ್ಲಿ ಎಣಿಕೆಯ ನಿಯಮ ಒಂದೇ ಸಾಲದು. 1945ರ ಔಷಧ ನಿಯಮಗಳ ಪ್ರಕಾರ ಲೇಬಲ್ಲಿನ ಮೇಲೆ ಬ್ಯಾಚ್ ನಂಬರು ಇರಲೇಬೇಕು. ಎರಡು ಬ್ಯಾಚಿನ ಸರಕು ಒಂದೇ ಶಿಪ್ಪರಿನಲ್ಲಿ ಬೆರೆಯದಂತೆ ಲೈನು ನಡೆಸಬೇಕಾದ್ದರಿಂದ ಮಾದರಿಯಲ್ಲೂ ಗುಣಲಕ್ಷಣದ ಬ್ಯಾಚನ್ನೇ ಬಳಸಬೇಕು. ಹಾಗೆ ಬಳಸಿದೊಡನೆ ಇನ್ನೊಂದು ಸಮಸ್ಯೆ ತಲೆ ಎತ್ತುತ್ತದೆ. ಬ್ಯಾಚಿನ ಕೊನೆಯಲ್ಲಿ 50 ತುಂಬದೆ, ಉದಾಹರಣೆಗೆ, 37 ಕಾರ್ಟನ್ ಉಳಿಯುತ್ತವೆ. ನಿಜವಾದ ಲೈನಿನಲ್ಲಿ ಇದನ್ನು ಲೂಸ್ ಶಿಪ್ಪರ್ ಎಂದು ಕಟ್ಟಿ, ಮೇಲೆ ಸಂಖ್ಯೆ ಬರೆದು ಕಳಿಸುತ್ತಾರೆ. ಮಾದರಿಗೆ ಅದು ಗೊತ್ತಿಲ್ಲ. ಅದೇ ನಂಬರಿನ ಇನ್ನೂ 13 ಕಾರ್ಟನ್‌ಗಳಿಗಾಗಿ ಕೊನೆಯವರೆಗೂ ಕಾಯುತ್ತದೆ. ದಿನಕ್ಕೆ ನಾಲ್ಕು ಬ್ಯಾಚ್ ಬದಲಾದರೆ ನಾಲ್ಕು ಅರೆಬರೆ ಗುಂಪುಗಳು ಬ್ಲಾಕಿನೊಳಗೆ ಬಿದ್ದಿರುತ್ತವೆ, ಲೆಕ್ಕದಲ್ಲಿ ದಾಸ್ತಾನು ಸುಮ್ಮನೆ ಏರುತ್ತದೆ. ಬ್ಯಾಚ್ ಮುಗಿಯಿತೆಂಬ ಸಂಕೇತವನ್ನು ಬೇರೆ ಘಟಕವಾಗಿ ಕಳಿಸಿ ಉಳಿದದ್ದನ್ನು ಬಲವಂತವಾಗಿ ಹೊರಡಿಸುವುದು ಇದಕ್ಕೆ ಪರಿಹಾರ.

ತಾತ್ಕಾಲಿಕ ಸಂಯೋಜನೆಯ ಅಗತ್ಯವೂ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಯಾವ ಶಿಪ್ಪರಿನೊಳಗೆ ಯಾವ ಕಾರ್ಟನ್‌ಗಳಿವೆ ಎಂಬ ತಂದೆ-ಮಕ್ಕಳ ಕೊಂಡಿಯನ್ನು ಸೀರಿಯಲ್ ನಂಬರುಗಳಿಂದ ಉಳಿಸಿಕೊಳ್ಳುವ ಪದ್ಧತಿ ಔಷಧ ರಫ್ತಿನಲ್ಲಿ ಬೆಳೆದುಬಂದಿದೆ. ದೇಶದೊಳಗೆ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ 2023ರ ಆಗಸ್ಟ್ 1ರಿಂದ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಸರಕನ್ನು ವಾಪಸು ತರಿಸುವ ಪ್ರಸಂಗವನ್ನು ಅಧ್ಯಯನ ಮಾಡುವ ಮಾದರಿಯಲ್ಲಿ ಕಾರ್ಟನ್‌ಗಳನ್ನು ಶಾಶ್ವತವಾಗಿ ಬೆಸೆದುಬಿಟ್ಟರೆ ಹುಡುಕಲು ಏನೂ ಉಳಿಯುವುದಿಲ್ಲ.

ಜೋಡಣೆಯ ಅಸ್ಥಿರತೆ

ಜೋಡಣೆಯ ಕುರಿತ ಮುಖ್ಯವಾದ ಸೈದ್ಧಾಂತಿಕ ಫಲಿತಾಂಶವನ್ನು ಜೆ. ಮೈಕೆಲ್ ಹ್ಯಾರಿಸನ್ 1973ರಲ್ಲಿ ಕೊಟ್ಟರು. ಎರಡು ಬಗೆಯ ಭಾಗಗಳು ಒಂದಕ್ಕೊಂದು ಸಂಬಂಧವಿಲ್ಲದೆ ಯಾದೃಚ್ಛಿಕವಾಗಿ ಬರುತ್ತಿದ್ದು ಕಾಯುವ ಜಾಗಕ್ಕೆ ಮಿತಿಯಿಲ್ಲದಿದ್ದರೆ, ಆ ವ್ಯವಸ್ಥೆ ಎಂದಿಗೂ ಸ್ಥಿರಗೊಳ್ಳುವುದಿಲ್ಲ. ಒಂದರ ವೇಗ ಹೆಚ್ಚಿದ್ದರೆ ಆ ಕಡೆಯ ಸಾಲು ಬೆಳೆಯುತ್ತಲೇ ಹೋಗುವುದು ಸಹಜ. ಎರಡೂ ವೇಗಗಳು ಕರಾರುವಾಕ್ಕಾಗಿ ಸಮವಿದ್ದರೂ ಸಾಲು ನಿಲ್ಲದು ಎಂಬುದೇ ಇಲ್ಲಿನ ಹೊಸ ವಿಷಯ.

ಕಾರಣವನ್ನು ಅಂಕಿಯಲ್ಲಿ ತೋರಿಸಬಹುದು. ಎರಡೂ ಬಗೆ ನಿಮಿಷಕ್ಕೊಂದರಂತೆ ಪಾಯ್ಸಾನ್ ರೀತಿಯಲ್ಲಿ ಬಂದರೆ, ಎರಡರ ಸಂಖ್ಯೆಯ ವ್ಯತ್ಯಾಸದ ಪ್ರಮಾಣ ವಿಚಲನೆ 100 ನಿಮಿಷಕ್ಕೆ ಸುಮಾರು 14, 10,000 ನಿಮಿಷಕ್ಕೆ ಸುಮಾರು 141. ಕಾಲ ನೂರು ಪಟ್ಟು ಬೆಳೆದರೆ ಜೋಡಿಯಿಲ್ಲದೆ ನಿಂತವರ ಸಾಲು ಹತ್ತು ಪಟ್ಟು. ಹೀಗಾಗಿ ಸಮ ವೇಗದ ಎರಡು ಮೂಲಗಳನ್ನು ಜೋಡಣಾ ಬ್ಲಾಕಿಗೆ ಕಟ್ಟಿ ಓಡಿಸಿದವನು ಒಂದು ದಿನದ ಓಟಕ್ಕೂ ಒಂದು ತಿಂಗಳ ಓಟಕ್ಕೂ ಬೇರೆ ಬೇರೆ ಸರಾಸರಿ ಕಂಡು ತಬ್ಬಿಬ್ಬಾಗುತ್ತಾನೆ. ಮಾದರಿಯಲ್ಲಿ ಕೋಡಿನ ದೋಷವಿಲ್ಲ. ಸ್ಥಿರ ಸರಾಸರಿ ಎಂಬುದೇ ಅಲ್ಲಿಲ್ಲ.

ನಿಜವಾದ ಕಾರ್ಖಾನೆಯಲ್ಲಿ ಹೀಗಾಗದಿರಲು ಕಾರಣ ಯಾರೋ ಕಣ್ಣಿಟ್ಟಿರುತ್ತಾರೆ ಎಂಬುದು. ಒಂದು ಭಾಗ ಹೆಚ್ಚಾದರೆ ಅದರ ಉತ್ಪಾದನೆ ನಿಲ್ಲಿಸುತ್ತಾರೆ. ಟೊಯೋಟಾ ರೂಢಿಗೆ ತಂದ ಕಾನ್‌ಬಾನ್ ಚೀಟಿ ಆ ಕಣ್ಣಿನ ಕೆಲಸವನ್ನೇ ಮಾಡುತ್ತದೆ. ಮಾದರಿಯಲ್ಲಿ ಕಾಯುವ ಜಾಗಕ್ಕೆ ಮಿತಿ ಹಾಕುವುದು, ಅಥವಾ ಒಂದು ಬಗೆಯ ಆಗಮನವನ್ನು ಇನ್ನೊಂದರ ದಾಸ್ತಾನಿಗೆ ಕಟ್ಟುವುದು ಅದಕ್ಕೆ ಸಮಾನ.

ಸಾಫ್ಟ್‌ವೇರ್‌ಗಳಲ್ಲಿ

ಎನಿಲಾಜಿಕ್‌ನಲ್ಲಿ ಈ ಕೆಲಸಕ್ಕೆ ಹಲವು ಬ್ಲಾಕ್‌ಗಳಿವೆ: ಎಣಿಕೆಗೆ ಬ್ಯಾಚ್, ಎರಡು ಬಗೆಯ ಒಂದೊಂದನ್ನು ಸೇರಿಸಲು ಕಂಬೈನ್, ಐದು ಬಗೆಯವರೆಗಿನ ಪಾಕಪಟ್ಟಿಗೆ ಅಸೆಂಬ್ಲರ್, ಹೊಂದಿಕೆಗೆ ಮ್ಯಾಚ್, ತುಂಬಿಕೆಗೆ ಪಿಕಪ್. ಬಿಡಿಸಲು ಅನ್‌ಬ್ಯಾಚ್ ಮತ್ತು ಡ್ರಾಪ್‌ಆಫ್. ಅರೆನಾ ಇವನ್ನು ಬ್ಯಾಚ್, ಮ್ಯಾಚ್, ಸೆಪರೇಟ್ ಎಂಬ ಮಾಡ್ಯೂಲ್‌ಗಳಲ್ಲಿ ಅಡಕಗೊಳಿಸಿದೆ. ಫ್ಲೆಕ್ಸ್‌ಸಿಮ್‌ನ ಕಂಬೈನರ್ ಪ್ಯಾಕ್, ಜಾಯಿನ್, ಬ್ಯಾಚ್ ಎಂಬ ಮೂರು ವಿಧಾನದಲ್ಲಿ ಕೆಲಸ ಮಾಡುತ್ತದೆ. ಪ್ಯಾಕ್‌ನಲ್ಲಿ ಪೆಟ್ಟಿಗೆಯೊಳಗೆ ಸರಕು ಉಳಿಯುತ್ತದೆ, ಜಾಯಿನ್‌ನಲ್ಲಿ ಸೇರಿದವು ಕರಗಿಹೋಗುತ್ತವೆ, ಬ್ಯಾಚ್‌ನಲ್ಲಿ ಎಲ್ಲವೂ ಒಟ್ಟಿಗೆ ಬಿಡುಗಡೆಯಾಗುತ್ತವೆ. ಸಿಮಿಯೊದಲ್ಲಿ ತಾಯಿ ಘಟಕಕ್ಕೂ ಸದಸ್ಯ ಘಟಕಗಳಿಗೂ ಪ್ರತ್ಯೇಕ ಬಾಗಿಲುಗಳಿವೆ.

ದುಡ್ಡು ಕೊಡದೆ ಕಲಿಯಬಯಸುವ ವಿದ್ಯಾರ್ಥಿಗೆ ಜಾಮ್‌ಸಿಮ್ ಇದೆ, ಅದರಲ್ಲಿ ಅಸೆಂಬಲ್, ಕಂಬೈನ್, ಪ್ಯಾಕ್ ಎಲ್ಲವೂ ಸಿದ್ಧವಾಗಿ ಸಿಗುತ್ತವೆ. ಪೈಥಾನ್‌ನ ಸಿಮ್‌ಪೈ ಗ್ರಂಥಾಲಯದಲ್ಲಿ ಸಂಯೋಜನೆಗೆಂದೇ ಬ್ಲಾಕಿಲ್ಲ. ಸ್ಟೋರ್ ಎಂಬ ಸಂಗ್ರಹದಿಂದ ಬೇಕಾದಷ್ಟು ಸಲ ತೆಗೆದುಕೊಳ್ಳುವ ಕೋರಿಕೆಗಳನ್ನು ಆಲ್‌ಆಫ್ ಎಂಬ ಷರತ್ತಿಗೆ ಕಟ್ಟಿ, ಎಲ್ಲವೂ ಪೂರೈಸಿದಾಗ ಹೊಸ ಘಟಕವನ್ನು ಕೈಯಾರೆ ಹುಟ್ಟಿಸಬೇಕು. ಕೆಲಸ ತುಸು ಹೆಚ್ಚು, ಆದರೆ ಕಾಯುವಿಕೆ ಎಲ್ಲಿ ನಡೆಯುತ್ತಿದೆ ಎಂಬುದು ಕಣ್ಣೆದುರೇ ಇರುವುದರಿಂದ ಕಲಿಕೆಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಸಾಮಾನ್ಯ ದೋಷಗಳು

ಸಂಯೋಜನೆಯ ಮುಂಚಿನ ಮತ್ತು ನಂತರದ ಘಟಕಗಳನ್ನು ಒಂದೇ ಎಣಿಕೆಯಲ್ಲಿ ಕೂಡಿಸುವುದು ಮೊದಲನೆಯ ದೋಷ. ಜಾನ್ ಲಿಟಲ್ 1961ರಲ್ಲಿ ಸಾಧಿಸಿದ ನಿಯಮದಂತೆ ವ್ಯವಸ್ಥೆಯೊಳಗಿನ ಸರಾಸರಿ ಸಂಖ್ಯೆ ಎಂದರೆ ಆಗಮನದ ವೇಗವನ್ನು ತಂಗುವ ಸಮಯದಿಂದ ಗುಣಿಸಿದಷ್ಟು. ಒಳಬರುವುದನ್ನು ಸ್ಟ್ರಿಪ್‌ನಲ್ಲಿ, ಒಳಗಿರುವುದನ್ನು ಕಾರ್ಟನ್‌ನಲ್ಲಿ ಎಣಿಸಿದರೆ ಆ ಸಮೀಕರಣ ಕೂಡುವುದಿಲ್ಲ, ಹತ್ತು ಪಟ್ಟಿನ ತಪ್ಪು ಸದ್ದಿಲ್ಲದೆ ನುಸುಳುತ್ತದೆ. ಮಾದರಿ ಸರಿಯಿದೆಯೇ ಎಂದು ನೋಡಲು ಎಲ್ಲವನ್ನೂ ಒಂದೇ ಅಳತೆಗೆ ಇಳಿಸಿ ಈ ನಿಯಮವನ್ನು ಪರೀಕ್ಷಿಸುವುದು ಅಗ್ಗದ, ಖಚಿತ ದಾರಿ.

ಓಟದ ಆರಂಭ ಮತ್ತು ಅಂತ್ಯಗಳಲ್ಲಿ ಇನ್ನೊಂದು ದೋಷ ಅಡಗಿದೆ. ಖಾಲಿ ಮಾದರಿಯಲ್ಲಿ ಮೊದಲ ಬ್ಯಾಚ್ ತುಂಬುವ ತನಕ ಮುಂದಿನ ಯಂತ್ರಗಳೆಲ್ಲ ಸುಮ್ಮನೆ ನಿಂತಿರುತ್ತವೆ. ಆ ಅವಧಿಯನ್ನು ಅಂಕಿಅಂಶದಿಂದ ಬಿಡದಿದ್ದರೆ ಯಂತ್ರಗಳ ಬಳಕೆ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಕೊನೆಯಲ್ಲಿ ಬ್ಲಾಕಿನೊಳಗೆ ಉಳಿದ ಅರ್ಧ ಬ್ಯಾಚಿನ ಘಟಕಗಳು ಹೊರಬಾರದ್ದರಿಂದ ಅವುಗಳ ಕಾಯುವಿಕೆ ಲೆಕ್ಕಕ್ಕೇ ಸೇರುವುದಿಲ್ಲ. ತಾತ್ಕಾಲಿಕವಾಗಿ ಸೇರಿಸಿ ಮುಂದೆ ಬಿಡಿಸಲು ಮರೆತರೆ ಘಟಕಗಳು ಕಂಪ್ಯೂಟರಿನ ಮೆಮೊರಿಯಲ್ಲಿ ರಾಶಿಯಾಗಿ ಉಳಿಯುವುದೂ ಉಂಟು.

ಇಂದಿನ ಸ್ಥಿತಿ

ಬ್ಲಾಕ್‌ಗಳ ಮಟ್ಟದಲ್ಲಿ ಸಂಯೋಜನೆ ಇಂದು ಬಗೆಹರಿದ ವಿಷಯ. ಪ್ರಶ್ನೆ ಈಗ ದತ್ತಾಂಶದ ಕಡೆಗೆ ಸರಿದಿದೆ. ಕಾರ್ಖಾನೆ, ಗೋದಾಮು, ಆಸ್ಪತ್ರೆಗಳ ಸಾಫ್ಟ್‌ವೇರ್ ದಾಖಲೆಗಳಿಂದ ಮಾದರಿಯನ್ನು ತಾನಾಗಿಯೇ ಕಟ್ಟುವ ಪ್ರಯತ್ನಗಳಲ್ಲಿ ದೊಡ್ಡ ತೊಡಕು ಇದೇ: ಹಳೆಯ ಪದ್ಧತಿಯಲ್ಲಿ ಪ್ರತಿ ದಾಖಲೆ ಒಂದೇ ಘಟಕಕ್ಕೆ ಸೇರಿರಬೇಕು. ಶಿಪ್ಪರ್ ಕಟ್ಟಿದ ಒಂದು ಘಟನೆ 50 ಕಾರ್ಟನ್‌ಗಳಿಗೂ ಸೇರಿದ್ದು. ಅದನ್ನು 50 ಸಲ ಬರೆದರೆ ಕೆಲಸ 50 ಪಟ್ಟು ನಡೆದಂತೆ ಕಾಣುತ್ತದೆ, ಒಂದೇ ಸಲ ಬರೆದರೆ 49 ಕಾರ್ಟನ್‌ಗಳ ಜಾಡು ತಪ್ಪುತ್ತದೆ.

ಜರ್ಮನಿಯ ಆಖೆನ್‌ನಲ್ಲಿ ವಿಲ್ ವಾನ್ ಡರ್ ಆಲ್ಸ್ಟ್ ಅವರ ಬಳಗ ಇದಕ್ಕಾಗಿ ಒಸೆಲ್ ಎಂಬ ದಾಖಲೆ ಮಾನಕವನ್ನು 2020ರಲ್ಲಿ ಪ್ರಕಟಿಸಿತು, ಅದರ ಎರಡನೆಯ ಆವೃತ್ತಿ 2023ರಲ್ಲಿ ಬಂತು. ಒಂದು ಘಟನೆಯನ್ನು ಎಷ್ಟು ವಸ್ತುಗಳಿಗೆ ಬೇಕಾದರೂ ಕಟ್ಟಬಹುದು, ವಸ್ತುವಿಗೂ ವಸ್ತುವಿಗೂ ಇರುವ ಸಂಬಂಧವನ್ನೂ ಬರೆದಿಡಬಹುದು ಎಂಬುದು ಅದರ ಮುಖ್ಯ ಅಂಶ. ಔಷಧ ಪೆಟ್ಟಿಗೆಗಳ ಮೇಲಿನ ಕ್ಯೂಆರ್ ಕೋಡುಗಳಂಥ ದಾಖಲೆಗಳು ಈ ರೂಪಕ್ಕೆ ಬಂದರೆ, ಬ್ಯಾಚಿನ ಗಾತ್ರ ಎಷ್ಟು, ಅದು ತುಂಬಲು ಹಿಡಿದ ಸಮಯ ಎಷ್ಟು, ಲೂಸ್ ಶಿಪ್ಪರ್‌ಗಳು ಎಷ್ಟು ಎಂಬ ಅಂಕಿಗಳನ್ನು ಅಂದಾಜಿಸುವ ಬದಲು ನೇರವಾಗಿ ಎಣಿಸಿ ಸಂಯೋಜನಾ ಬ್ಲಾಕಿಗೆ ಕೊಡಬಹುದು.